ಕಾಂತಾರದ ಪೂರ್ವಕಥೆ: ಸೂಚ್ಯ-ದೃಶ್ಯ ವಿವೇಕ

ಮುಗಿದ ಕಥೆಗೆ ಹಿಂದಣ ಕಥೆಯೊಂದನ್ನು ಬೇಡುವ ಬಯಕೆಯು ಈಗಿನ ಕಾಲದವರಿಗೆ ಮಾತ್ರ ಮೀಸಲಾದುದಲ್ಲ. ರಾವಣನು ಮಡಿದು, ಅಯೋಧ್ಯೆಯಲ್ಲಿ ಪಟ್ಟಾಭಿಷೇಕವೂ ಜರುಗಿ, ಇನ್ನು ಹೇಳತಕ್ಕದ್ದೇನೂ ಉಳಿದಿಲ್ಲವೆಂದು ತೋರುವಾಗಲೇ ಋಷಿಗಳು ಶ್ರೀರಾಮನ ಸಭೆಗೆ ಬರುತ್ತಾರೆ. ಅವರು ರಾವಣವಧೆಗಿಂತಲೂ ಇಂದ್ರಜಿತ್ತಿನ ವಧೆಯನ್ನು ಹೆಚ್ಚಾಗಿ ಕೊಂಡಾಡುವುದನ್ನು ಕೇಳಿ ರಾಮನು ಬೆರಗಾಗಿ, ಅದಕ್ಕೆ ಕಾರಣವೇನೆಂದು ಪ್ರಶ್ನಿಸುತ್ತಾನೆ. ಆ ಒಂದು ಪ್ರಶ್ನೆಯಿಂದ ಅಗಸ್ತ್ಯರ ಬಾಯಲ್ಲಿ ಪುಲಸ್ತ್ಯವಂಶದ ಕಥೆಯೆಲ್ಲವೂ ಹೊರಡುತ್ತದೆ. ಮುಂದೆ ಹನುಮಂತನ ವಿಷಯವಾಗಿಯೂ ರಾಮನು ಹಾಗೆಯೇ ಕೇಳುತ್ತಾನೆ: ಇಷ್ಟು ಬಲವುಳ್ಳವನು ಸುಗ್ರೀವನ ಕಷ್ಟಕಾಲದಲ್ಲಿ ವಾಲಿಯನ್ನು ತಾನೇ ಏಕೆ ಸುಡಲಿಲ್ಲ? ಋಷಿಗಳ ಶಾಪದಿಂದ ಅವನಿಗೆ ತನ್ನ ಬಲದ ಅರಿವೇ ಇರಲಿಲ್ಲವೆಂಬುದು ಉತ್ತರ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಪ್ರಶ್ನೆಯು ಮೊದಲಿನ ಕಥೆಯೊಳಗೇ ಇತ್ತು. ಕಿಷ್ಕಿಂಧೆಯನ್ನು ಓದಿದವನಿಗೆಲ್ಲ ಆ ಸಂಶಯವು ಬಂದೇ ಬರುತ್ತದೆ. ಉತ್ತರಕಾಂಡವು ಬಹಳ ಕಾಲದ ಮೇಲೆ ಬಂದು ಅದನ್ನು ತೀರಿಸುತ್ತದೆ. ಪೂರ್ವಕಥೆಗೆ ಹುಟ್ಟುವ ಹಕ್ಕು ಬರುವುದು ಇಂತಹ ಆಕಾಂಕ್ಷೆಯಿಂದ.

ಈ ಪೀಠಿಕೆಯ ಉದ್ದೇಶವಿಷ್ಟು. 2022ನೆಯ ಇಸವಿಯ ಸೆಪ್ಟೆಂಬರ 30ರಂದು ತೆರೆಕಂಡ ‘ಕಾಂತಾರ’ವೆಂಬ ಕನ್ನಡ ಚಿತ್ರಕ್ಕೆ, ಅದರ ಕರ್ತೃಗಳಾದ ಶ್ರೀ ರಿಷಬ್ ಶೆಟ್ಟಿಯವರೇ ‘ಕಾಂತಾರ: ಅಧ್ಯಾಯ 1’ ಎಂಬ ಪೂರ್ವಕಥೆಯನ್ನು ರಚಿಸಿ, 2025ನೆಯ ಅಕ್ಟೋಬರ 2ರಂದು, ಅಂದರೆ ವಿಜಯದಶಮಿಯ ದಿನವೇ, ಜನರ ಮುಂದಿಟ್ಟರು. ನಮ್ಮ ಭಾಗದಲ್ಲಿ ಅಂದು ಬನ್ನಿಯೆಲೆಯನ್ನು ಬಂಗಾರವೆಂದು ಕೊಟ್ಟು ಕೊಳ್ಳುವ ರೂಢಿಯುಂಟು. ಎಲೆಯು ಬಂಗಾರವಾಗುವುದು ಕೊಡುವವನ ಮತ್ತು ಕೊಳ್ಳುವವನ ನಂಬಿಕೆಯಿಂದಲ್ಲದೆ ಎಲೆಯ ಗುಣದಿಂದಲ್ಲ. ಅಂಥ ದಿನದಲ್ಲಿ ಒಂದು ದಂತಕಥೆಯ ಮೂಲವನ್ನು ತೋರಿಸಹೊರಟುದು ಆಕಸ್ಮಿಕವಾದರೂ ಸೊಗಸಾಗಿದೆ. ನಾನು ಮೊದಲಿನ ಚಿತ್ರವನ್ನು ಹುಬ್ಬಳ್ಳಿಯಲ್ಲಿ ಎರಡು ಸಲ ನೋಡಿದವನು. ಎರಡನೆಯದನ್ನು ಅಲ್ಲಿಯೇ ಒಮ್ಮೆಯೂ, ಅಕ್ಟೋಬರದ ಕಡೆಗೆ ಅದು ಅಮೇಜಾನ್ ಪ್ರೈಮಿನ ಮೂಲಕ ಮನೆಯ ಟೀವಿಗೆ ಬಂದ ತರುವಾಯ ಇನ್ನೊಮ್ಮೆಯೂ ನೋಡಿದೆನು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನು ಚಲಚ್ಚಿತ್ರವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ನನ್ನ ಸಹಪಾಠಿಗಳೊಬ್ಬರು ಅಂದರು. ಭರತನು ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ವೇದವೆಂದು ಕರೆದಾಗ, ಯಾವ ಯಂತ್ರದಿಂದ ತೋರಿಸಿದರೆ ಅದು ನಾಟ್ಯವಾಗಲಾರದೆಂದು ಎಲ್ಲಿಯೂ ಹೇಳಿಲ್ಲ; ಅಷ್ಟೇ ನನ್ನ ಸಮಾಧಾನ.

ಮೊದಲು ಹೆಸರು. ಕಾಂತಾರವೆಂದರೆ ದೊಡ್ಡ ಅಡವಿಯೆಂದು ಎಲ್ಲರೂ ಬಲ್ಲರು. ಆದರೆ ಅಮರಸಿಂಹನು ಆ ಶಬ್ದಕ್ಕೆ ಹೋಗಲಸಾಧ್ಯವಾದ ದಾರಿಯೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ಮೊದಲಿನ ಚಿತ್ರವು ಈ ಎರಡನೆಯ ಅರ್ಥದಲ್ಲಿಯೇ ಹೆಚ್ಚು ಸಾರ್ಥಕವಾಗಿತ್ತು. ಅರಸನೊಬ್ಬನು 1847ರಲ್ಲಿ ಮನಶ್ಶಾಂತಿಯನ್ನರಸಿ ಹೊರಟು, ಅಡವಿಯಲ್ಲಿ ಕಲ್ಲಿನ ರೂಪದಲ್ಲಿದ್ದ ಪಂಜುರ್ಲಿದೈವವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಭೂಮಿಯನ್ನು ಅಲ್ಲಿಯ ಜನರಿಗೆ ಬಿಟ್ಟುಕೊಡುತ್ತಾನೆ. ತಲೆಮಾರುಗಳು ಕಳೆದ ಬಳಿಕ ಅವನ ವಂಶದವನೊಬ್ಬನು ಆ ಭೂಮಿಯನ್ನು ಮರಳಿ ಬೇಡಿದಾಗ, ಕೋಲ ಕಟ್ಟಿದವನು ಓಡಿ ಅಡವಿಯನ್ನು ಹೊಕ್ಕು ಮಾಯವಾಗುತ್ತಾನೆ. ಎಲ್ಲಿಗೆ ಹೋದನು? ಚಿತ್ರವು ಹೇಳುವುದಿಲ್ಲ. ಆ ದಾರಿಯು ನಮಗೆ ದುರ್ಗಮ. ಕಡೆಯಲ್ಲಿ ಅವನ ಮಗನಾದ ಶಿವನೂ ಅದೇ ದಾರಿಯಲ್ಲಿ ಹೋಗಿ ಮರೆಯಾಗುತ್ತಾನೆ. ಶಿವನ ಎಳೆಯ ಮಗನು ಅಪ್ಪನೆಲ್ಲಿ ಎಂದು ಕೇಳುವಲ್ಲಿಗೆ ಕಥೆಯು ನಿಲ್ಲುತ್ತದೆ.

ನಮ್ಮ ಲಾಕ್ಷಣಿಕರು ಇಂತಹ ವಿಷಯವನ್ನು ಬಹಳ ಹಿಂದೆಯೇ ವಿಚಾರಮಾಡಿ ಇಟ್ಟಿದ್ದಾರೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ನಾಟಕದ ವಸ್ತುವನ್ನು ಎರಡಾಗಿ ವಿಭಾಗಿಸುತ್ತಾನೆ: ಕೆಲವು ಸೂಚ್ಯ, ಅಂದರೆ ಸೂಚನೆಯಿಂದ ಮಾತ್ರ ತಿಳಿಸತಕ್ಕವು, ಕೆಲವು ದೃಶ್ಯ, ಅಂದರೆ ರಂಗದ ಮೇಲೆ ಕಾಣಿಸತಕ್ಕವು. ನೀರಸವಾದದ್ದೂ ಅನುಚಿತವಾದದ್ದೂ ಸೂಚ್ಯ. ರಸಭಾವಗಳಿಂದ ತುಂಬಿದ್ದು ದೃಶ್ಯ. ಸೂಚ್ಯವನ್ನು ತಿಳಿಸುವುದಕ್ಕೆ ವಿಷ್ಕಂಭಕ, ಪ್ರವೇಶಕ ಮೊದಲಾದ ಐದು ಉಪಾಯಗಳನ್ನು ಹೇಳಿದ್ದಾನೆ. ಈ ವಿಭಾಗವನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದಾಗ ಇದು ಬರಿಯ ಸೌಕರ್ಯದ ಮಾತೆಂದು ತಿಳಿದಿದ್ದೆವು. ಆದರೆ ಇದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆಯೆಂದು ನನಗೆ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೊಳೆಯಿತು. ನೀರಸವೂ ಅಲ್ಲ, ಅನುಚಿತವೂ ಅಲ್ಲ, ಆದರೂ ಸೂಚ್ಯವಾಗಿದ್ದಷ್ಟು ಹೊತ್ತು ಮಾತ್ರ ಬೆಳಗುವ ವಸ್ತು ಒಂದುಂಟು. ಅದನ್ನು ದೃಶ್ಯ ಮಾಡಿದೊಡನೆ ಅದು ಬೇರೆಯ ವಸ್ತುವಾಗುತ್ತದೆ. ಧನಂಜಯನ ಲಕ್ಷಣದಲ್ಲಿ ಇದಕ್ಕೆ ಸ್ಥಳವಿಲ್ಲ; ಆನಂದವರ್ಧನನನ್ನು ಕೇಳಿದರೆ ಇದು ವ್ಯಂಗ್ಯ, ವಾಚ್ಯಮಾಡಿದರೆ ಸಾಯುತ್ತದೆ ಎಂದು ಅವನು ಉತ್ತರಕೊಡುತ್ತಿದ್ದನೆಂದು ತೋರುತ್ತದೆ.

ಇದೇ ಮಾತನ್ನು ಪಶ್ಚಿಮದ ಕಥೆಗಾರನೊಬ್ಬನು ತನ್ನ ಸ್ವಂತ ಅನುಭವದಿಂದ ಹೇಳಿದ್ದಾನೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯನ್ನು 1954-55ರಲ್ಲಿ ಪ್ರಕಟಿಸಿದ ಟೋಲ್ಕಿನ್ ಮಹಾಶಯನು 1963ರ ಒಂದು ಪತ್ರದಲ್ಲಿ, ತನ್ನ ಕಥೆಯ ಆಕರ್ಷಣೆಯ ಒಂದಂಶವು ದೂರದಲ್ಲಿ ಮಸುಕಾಗಿ ಕಾಣುವ ಹಳೆಯ ಚರಿತ್ರೆಯಿಂದ ಬಂದುದೆಂದೂ, ಆ ದೂರದ ಸ್ಥಳಕ್ಕೇ ನಡೆದುಹೋದರೆ ಮೋಡಿಯು ಅಳಿಯುವುದೆಂದೂ, ಅಲ್ಲಿಂದ ಮತ್ತೂ ಆಚೆಗೆ ಕೈಗೆಟುಕದ ಹೊಸ ನೋಟಗಳು ಕಂಡರೆ ಮಾತ್ರ ಅದು ಉಳಿದೀತೆಂದೂ ಅಭಿಪ್ರಾಯಪಟ್ಟಿದ್ದಾನೆ. ಆ ಮಹಾಕಥೆಯ ಅನುಬಂಧಗಳನ್ನು ಆಧರಿಸಿ 2022ರಲ್ಲಿ ಟೀವಿಯ ಧಾರಾವಾಹಿಯೊಂದು ಹೊರಟಿತು. ‘ಗೇಮ್ ಆಫ್ ಥ್ರೋನ್ಸ್’ ಎಂಬ ಇನ್ನೊಂದು ಕಥಾಲೋಕಕ್ಕೂ ಅದೇ ವರ್ಷ ಪೂರ್ವಕಥೆಯ ಧಾರಾವಾಹಿಯು ಬಂದಿತು. ನನ್ನ ಮನೆಯ ಎಳೆಯರು ಇವೆರಡನ್ನೂ ರಾತ್ರಿಗಟ್ಟಲೆ ನೋಡುತ್ತಿದ್ದುದನ್ನು ಕಂಡಿದ್ದೇನೆ. ಅವರಿಗೆ ಬೇಕಾದುದು ಹೊಸ ಕಥೆಯಲ್ಲ, ಹಳೆಯ ಊರು. ಕಥೆಯು ಹೇಗೆ ಮುಗಿಯುವುದೆಂದು ಗೊತ್ತಿದ್ದರೂ ಆ ಊರಿನ ಗಾಳಿಯನ್ನು ಇನ್ನೊಮ್ಮೆ ಕುಡಿಯಬೇಕೆಂಬ ಹಂಬಲ. ಇದನ್ನು ಹಳಿಯುವುದಕ್ಕೆ ನಮಗೆ ಅಧಿಕಾರವಿಲ್ಲ. ಗಮಕಿಗಳು ಕುಮಾರವ್ಯಾಸನನ್ನು ಓದುವಲ್ಲಿ ಕುಳಿತ ನಮ್ಮ ಹಿರಿಯರು ಕಥೆ ತಿಳಿಯದೆ ಕುಳಿತವರಲ್ಲ.

ಹೇಳುತ್ತ ಹೇಳುತ್ತ ನೆನಪಾಯಿತು. ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಆ ಮಹಾಕವಿಯು ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಜನರ ಬಾಯಲ್ಲಿ ಉಳಿದದ್ದು ಯಾವುದೆಂದು ಈ ಪತ್ರಿಕೆಯ ವಾಚಕರಿಗೆ ತಿಳಿಸಬೇಕಾಗಿಲ್ಲ. ಆದರೂ ತಿಮ್ಮಣ್ಣನನ್ನು ನಾನು ಬೈಯಲಾರೆ. ಬೇಡಿದವರಿದ್ದರು, ಅವನು ಕೊಟ್ಟನು.

ಪ್ರಕೃತಕ್ಕೆ ಬರೋಣ. ಅಧ್ಯಾಯ 1ರ ಆರಂಭವು ಆ ಬಾಲಕನ ಪ್ರಶ್ನೆಯನ್ನೇ ಹಿಡಿದುಕೊಳ್ಳುತ್ತದೆ. ಅಪ್ಪನು ಏಕೆ, ಎಲ್ಲಿ ಮಾಯವಾದನೆಂದು ಕೇಳಿದ್ದಕ್ಕೆ ಉತ್ತರವಾಗಿ ಶತಮಾನಗಳ ಹಿಂದಿನ, ಕದಂಬರ ಕಾಲದ್ದೆಂದು ಹೇಳಲಾದ, ಕಥೆಯು ಹೊರಡುತ್ತದೆ. ಉತ್ತರಕಾಂಡದ ಮಾರ್ಗವೇ ಇದು, ಉಪಕ್ರಮವು ಶಾಸ್ತ್ರಸಮ್ಮತವಾಗಿದೆ. ಆದರೆ ಮೂರು ಗಂಟೆಗೆ ತುಸು ಕಡಿಮೆಯಾದ ಈ ಕಥನದ ಬಹುಭಾಗವು ಬೇರೆಯೇ ಪ್ರಶ್ನೆಗಳಿಗೆ ಉತ್ತರಕೊಡುತ್ತದೆ. ಈಶ್ವರನ ಹೂದೋಟವೆಂಬ ಪವಿತ್ರಸ್ಥಾನವು ಅಡವಿಯಲ್ಲಿ ಎಲ್ಲಿದ್ದಿತು, ಬಾಂಗ್ರದ ಅರಸರು ಅದನ್ನು ಏಕೆ ಬಯಸಿದರು, ಬೆರ್ಮೆಯೆಂಬ ವೀರನು ಯಾರು, ಅವನ ಮೈಮೇಲೆ ದೈವಗಳು ಹೇಗೆ ಬಂದುವು: ಇವೆಲ್ಲ ವಿಸ್ತಾರವಾಗಿ, ಕಣ್ಣು ಕೋರೈಸುವಂತೆ ಬರುತ್ತವೆ. ಇವನ್ನು ಮೊದಲಿನ ಚಿತ್ರವನ್ನು ನೋಡಿದವನು ಕೇಳಿರಲಿಲ್ಲ. ಹುಡುಗನು ಕೇಳಿದ್ದು ಎಲ್ಲಿ ಎಂಬುದನ್ನು; ಅವನಿಗೆ ಸಿಕ್ಕ ಉತ್ತರವು ಯಾರು, ಯಾವಾಗ ಎಂಬುದು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪದಗಳಿಗೆ ಸನ್ನಿಧಿಯುಂಟು, ಆಕಾಂಕ್ಷೆಯಿಲ್ಲ.

ಪೂರ್ವಕಥೆಯನ್ನು ಒಬ್ಬನೇ ಕವಿಯು ಎರಡು ರೀತಿಯಿಂದ ಹೇಗೆ ನಡೆಯಿಸಬಹುದೆಂಬುದಕ್ಕೆ ಭವಭೂತಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮಹಾವೀರಚರಿತದಲ್ಲಿ ಅವನು ರಾಮನ ಪೂರ್ವಚರಿತೆಯನ್ನು ನಾಟಕವಾಗಿಸಿದನು. ಅಲ್ಲಿ ರಾವಣನ ಮಂತ್ರಿಯಾದ ಮಾಲ್ಯವಂತನ ಕುಟಿಲನೀತಿಯೇ ಎಲ್ಲ ಅನರ್ಥಗಳಿಗೂ ಮೂಲ. ಪರಶುರಾಮನು ಬಂದುದು ಅವನ ಪ್ರೇರಣೆಯಿಂದ. ಮಂಥರೆಯ ರೂಪಧರಿಸಿ ವನವಾಸವನ್ನು ತಂದವಳು ಶೂರ್ಪಣಖೆ. ಇದರಿಂದ ಕೈಕೇಯಿಯು ನಿರ್ದೋಷಳಾದಳು, ಕಥೆಗೆ ಒಂದು ಸೂತ್ರವೂ ದೊರೆಯಿತು. ಆದರೆ ವಾಲ್ಮೀಕಿಯಲ್ಲಿ ಆ ಒಂದು ರಾತ್ರಿ ಒಬ್ಬ ಪ್ರೀತಿಯ ರಾಣಿಯ ಮನಸ್ಸು ಕೆಡುವುದನ್ನು ನೋಡಿ ನಾವು ಪಡುವ ಭಯವು ಮಾಯವಾಯಿತು. ಎಲ್ಲದಕ್ಕೂ ಒಬ್ಬ ತಂತ್ರಗಾರನಿದ್ದ ಮೇಲೆ ಮನುಷ್ಯನ ಮನಸ್ಸಿಗೆ ಏನು ಕೆಲಸ?

ಅದೇ ಕವಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ನೋಡಿರಿ. ಅಲ್ಲಿಯೂ ಅದೇ ಪೂರ್ವಚರಿತೆಯೇ ಬರುತ್ತದೆ, ಆದರೆ ಗೋಡೆಯ ಚಿತ್ರಗಳಾಗಿ. ಲಕ್ಷ್ಮಣನು ಒಂದೊಂದಾಗಿ ತೋರಿಸುತ್ತಾನೆ; ಮಂಥರೆಯ ಚಿತ್ರವು ಬಂದಾಗ ರಾಮನು ಉತ್ತರಕೊಡದೆ ಸೀತೆಗೆ ಶೃಂಗವೇರಪುರದ ಮರವನ್ನು ತೋರಿಸಿ ಮುಂದೆ ಸಾಗುತ್ತಾನೆ. ನಡುವಿನ ತಾಯಿಯ ವೃತ್ತಾಂತವನ್ನು ಅಣ್ಣನು ಮರೆಸಿದನೆಂದು ಲಕ್ಷ್ಮಣನು ತನ್ನಲ್ಲಿಯೇ ನಗುತ್ತಾನೆ. ಮಹಾವೀರಚರಿತದಲ್ಲಿ ಅಷ್ಟು ಕಷ್ಟಪಟ್ಟು ಸಮರ್ಥಿಸಿದ ಪ್ರಸಂಗವನ್ನು ಇಲ್ಲಿ ಒಂದು ಮೌನದಿಂದ ದಾಟಿಸಿದ್ದಾನೆ! ಮೇಲಾಗಿ ಆ ಚಿತ್ರಗಳನ್ನು ನೋಡಿದ್ದರಿಂದಲೇ ಸೀತೆಗೆ ಮತ್ತೆ ವನವನ್ನೂ ಭಾಗೀರಥಿಯನ್ನೂ ಕಾಣುವ ಬಯಕೆ ಹುಟ್ಟುತ್ತದೆ. ಆ ಬಯಕೆಯೇ ಅವಳನ್ನು ಕಾಡಿಗೆ ಕಳುಹುವುದಕ್ಕೆ ನೆವವಾಗುತ್ತದೆ. ಹಳೆಯ ಲೋಕಕ್ಕೆ ಮರಳಿ ಹೋಗುವ ಆಸೆಯಲ್ಲಿ ಎಂತಹ ಅಪಾಯವಿದೆಯೆಂಬುದನ್ನು ಇದಕ್ಕಿಂತ ಕರುಣವಾಗಿ ಯಾರೂ ತೋರಿಸಿಲ್ಲ.

ಅಧ್ಯಾಯ 1 ಮಹಾವೀರಚರಿತದ ದಾರಿಯನ್ನು ಹಿಡಿದಿದೆ. ಉತ್ತರಾರ್ಧದಲ್ಲಿ ಬಾಂಗ್ರದ ಅರಮನೆಯ ಒಳಸಂಚು ಬಯಲಿಗೆ ಬಂದು, ರಾಜಕುಮಾರಿಯಾದ ಕನಕವತಿಯ ನಿಜಸ್ವರೂಪವು ಪ್ರಕಟವಾದಾಗ ಸಭೆಯು ಬೆಚ್ಚುತ್ತದೆ. ಪಾತ್ರಧಾರಿಣಿಯಾದ ರುಕ್ಮಿಣಿ ವಸಂತ್ ಅವರು ಆ ತಿರುವನ್ನು ನಿರ್ವಹಿಸಿದ ರೀತಿಯು ಪ್ರಶಂಸನೀಯ. ಆದರೆ ಆ ಕ್ಷಣದಿಂದ ಅಡವಿಯ ಜನರ ಮೇಲಣ ಅನ್ಯಾಯವು ಲೋಭದ ಸಹಜಫಲವಾಗಿ ಉಳಿಯುವುದಿಲ್ಲ, ಒಂದು ಗುಪ್ತತಂತ್ರದ ಭಾಗವಾಗುತ್ತದೆ. ಮೊದಲಿನ ಚಿತ್ರದ ದೇವೇಂದ್ರ ಸುತ್ತೂರನಲ್ಲಿ (ಆ ಪಾತ್ರವನ್ನು ಅಚ್ಯುತ ಕುಮಾರರು ವಹಿಸಿದ್ದರು) ನಮ್ಮ ಊರಿನ ಯಾವ ದೊಡ್ಡಮನುಷ್ಯನನ್ನಾದರೂ ಗುರುತಿಸಬಹುದಾಗಿತ್ತು. ಊಟಹಾಕುವವನು, ನಗುವವನು, ಕಾಗದಪತ್ರಗಳನ್ನು ತನ್ನ ಹೆಸರಿಗೆ ಮಾಡಿಕೊಳ್ಳುವವನು. ಅವನ ಭಯವು ಚಿತ್ರಮಂದಿರದಿಂದ ಹೊರಗೆ ಬಂದ ಮೇಲೂ ನಮ್ಮೊಡನೆ ಬರುತ್ತಿತ್ತು. ಮಾಂತ್ರಿಕರನ್ನು ಕೂಡಿಕೊಂಡ ಅರಸುಮನೆಯವರ ಭಯವು ಅಲ್ಲಿಯೇ ಕುರ್ಚಿಯಲ್ಲಿ ಉಳಿಯುತ್ತದೆ.

ಇದಕ್ಕಿಂತಲೂ ಗುರುತರವಾದ ಬದಲಾವಣೆಯು ದೈವದ ವಿಷಯದಲ್ಲಿ ಆಗಿದೆ. ಮೊದಲಿನ ಚಿತ್ರದಲ್ಲಿ ಪಂಜುರ್ಲಿಯು ಸಾಕ್ಷಿ. ಅರಸನು ಮಾಡಿದ ಮಾತಿಗೆ, ಕೊಟ್ಟ ಭೂಮಿಗೆ, ಅದು ಸಾಕ್ಷಿಯಾಗಿ ನಿಂತಿತ್ತು. ಮಾತು ತಪ್ಪಿದವನನ್ನು ಕೋರ್ಟಿನ ಮೆಟ್ಟಿಲಲ್ಲೇ ತಡೆಯಿತು. ತುಳುನಾಡಿನಲ್ಲಿ ದೈವವು ನ್ಯಾಯಸ್ಥಾನವೂ ಹೌದು. ಬೀದಿಯ ಜಗಳ, ಮನೆಯ ಪಾಲು, ಗಡಿಯ ತಂಟೆಗಳೆಲ್ಲ ಕೋಲದ ಎದುರಿಗೆ ತೀರ್ಮಾನವಾಗುವ ಸಂಪ್ರದಾಯವಿದೆ. ಅದ್ಭುತವು ಅಲ್ಲಿ ಶಾಸನದ ಹಾಗೆ ಕೆಲಸಮಾಡುತ್ತಿತ್ತು. ಪೂರ್ವಕಥೆಯಲ್ಲಿ ದೈವವು ಶಕ್ತಿಯಾಯಿತು; ಒಬ್ಬರು ಕಟ್ಟಿಹಾಕಲು ನೋಡುವ, ಮತ್ತೊಬ್ಬರು ಆವಾಹಿಸಿ ಶತ್ರುಗಳ ಮೇಲೆ ಬಿಡುವ ಆಯುಧವಾಯಿತು. ಭೂಮಿಯ ಜಗಳವು ನಿಧಿಯ ಜಗಳವಾಯಿತು. ಸಾಕ್ಷಿಯನ್ನು ಸೈನಿಕನನ್ನಾಗಿ ಮಾಡಿದ ಈ ಮಾರ್ಪಾಟೇ ನನ್ನ ಮುಖ್ಯವಾದ ಆಕ್ಷೇಪ.

ಮೂಲದ ಕಥೆಯನ್ನು ಹೇಳುವುದೇ ದೈವಕ್ಕೆ ಅಪಚಾರವೆಂದು ಕೆಲವರು ವಾದಿಸಿದುದುಂಟು, ಅದು ಸರಿಯಲ್ಲ. ತುಳುವರ ಪಾಡ್ದನಗಳ ಸ್ವಭಾವವೇ ದೈವದ ಹುಟ್ಟನ್ನು ಹಾಡುವುದು. ಪಾರ್ವತಿಯು ಮುದ್ದಿನಿಂದ ಸಾಕಿದ ಹಂದಿಯ ಮರಿಯು ಕೈಲಾಸದ ತೋಟವನ್ನು ಹಾಳುಮಾಡಿ, ಈಶ್ವರನ ಕೋಪಕ್ಕೆ ಗುರಿಯಾಗಿ, ಭೂಲೋಕಕ್ಕಿಳಿದು ಪಂಜುರ್ಲಿಯಾಯಿತೆಂಬ ಪಾಠವು ಪ್ರಸಿದ್ಧವಾಗಿದೆ. ಚಿತ್ರದ ಈಶ್ವರನ ಹೂದೋಟವನ್ನು ಕಂಡಾಗ ನನಗೆ ಈ ತೋಟವು ನೆನಪಾಗಿ ಸಂತೋಷವಾಯಿತು. ಬೆರ್ಮೆಯೆಂಬ ಹೆಸರನ್ನು ಕೇಳಿದಾಗಲೂ ಹಾಗೆಯೇ. ತುಳುವರ ಅತಿಪ್ರಾಚೀನ ದೇವತೆಯಾದ ಬೆರ್ಮೆರನ್ನು ಅದು ನೆನಪಿಗೆ ತರುತ್ತದೆ. ಕುಂದಾಪುರ ಸೀಮೆಯ ಕೆರಾಡಿಯಲ್ಲಿ ಹುಟ್ಟಿ ಬೆಳೆದ ಕರ್ತೃಗಳಿಗೆ ಇವೆಲ್ಲ ಪುಸ್ತಕದ ವಿದ್ಯೆಯಲ್ಲ. ಆದುದರಿಂದ ಕೊರತೆಯು ಮೂಲವನ್ನು ಹೇಳಿದುದರಲ್ಲಿಲ್ಲ. ಪಾಡ್ದನವು ಹುಟ್ಟನ್ನು ಹೇಳಿಯೂ ಗೂಢವನ್ನು ಉಳಿಸಿಕೊಳ್ಳುತ್ತದೆ, ಯಾತಕ್ಕೆಂದರೆ ಅದು ಏಕೆಂದು ವಿವರಿಸುವುದಿಲ್ಲ. ಹೀಗಾಯಿತು ಎಂದಷ್ಟೇ ಹಾಡುತ್ತದೆ. ಪಾಡ್ದನದಲ್ಲಿ ಪಾಠಾಂತರಗಳಿಗೂ ಎಡೆಯಿದೆ: ಈ ಊರಿನ ಪಂಜುರ್ಲಿಯ ಕಥೆಯು ಆ ಊರಿನದಲ್ಲ. ಚಿತ್ರವೋ ಒಂದೇ ಪಾಠವನ್ನು ದೇಶಕ್ಕೆಲ್ಲ ಅಚ್ಚೊತ್ತಿಬಿಡುತ್ತದೆ.

ಚರಿತ್ರೆಯ ದೃಷ್ಟಿಯಿಂದ ಒಂದು ಮಾತನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಬನವಾಸಿ, ಹಲಸಿಗಳು ನಮ್ಮ ನೆರೆಯವು. ಕದಂಬರ ಹೆಸರೆತ್ತಿದರೆ ಧಾರವಾಡದವರ ಕಿವಿಯು ನಿಮಿರುತ್ತದೆ. ಆ ಕಾಲದ ತುಳುನಾಡಿನಲ್ಲಿ ಶಾಸನಗಳು ಬಲ್ಲ ಅರಸುಮನೆತನವೆಂದರೆ ಆಳುಪರದು. ಬಂಗರ ಹೆಸರು ಕೇಳಿಬರುವುದು ಅದಕ್ಕೆ ಎಷ್ಟೋ ಶತಮಾನಗಳ ತರುವಾಯ. ಚಿತ್ರದ ಬಾಂಗ್ರವು ಕಲ್ಪಿತವೆಂದು ಇಟ್ಟುಕೊಂಡರೆ ತಕರಾರಿಲ್ಲ. ಮೊದಲಿನ ಚಿತ್ರವು ತನ್ನನ್ನು ದಂತಕಥೆಯೆಂದೇ ಕರೆದುಕೊಂಡಿತ್ತು. ದಂತಕಥೆಗೆ ಇಸವಿಯ ಊರುಗೋಲು ಬೇಕಾಗಿರಲಿಲ್ಲ.

ಇಷ್ಟೆಲ್ಲ ಹೇಳಿದ ಬಳಿಕ, ಪೂರ್ವಾರ್ಧದಲ್ಲಿ ನನ್ನನ್ನು ಗೆದ್ದ ಭಾಗವನ್ನು ಮರೆಮಾಚಿದರೆ ಅನ್ಯಾಯವಾದೀತು. ಅಡವಿಯ ಜನರು ತಮ್ಮ ಎಲ್ಲೆಯನ್ನು ದಾಟಿ ಮೊದಲ ಸಲ ಬಾಂಗ್ರದ ಪೇಟೆಗೂ ಬಂದರಿಗೂ ಬರುತ್ತಾರೆ. ತಾವು ದಿನವೂ ತುಳಿದಾಡುವ ಸಂಬಾರದ ಬೆಳೆಯು ಅಲ್ಲಿ ಹಡಗು ತುಂಬಿ ದೂರದೇಶಗಳಿಗೆ ಹೋಗುವುದನ್ನೂ, ಅದಕ್ಕೆ ಬರುವ ಹಣವನ್ನೂ ಕಾಣುತ್ತಾರೆ. ಬೆಳೆದವನಿಗೆ ಬೆಲೆ ಗೊತ್ತಿಲ್ಲ. ಬೆಲೆ ಗೊತ್ತಿದ್ದವನು ಬೆಳೆಯನು. ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ಈ ದೃಶ್ಯಕ್ಕೆ ನನ್ನ ಹಿಂದೆ ಕುಳಿತವರು ನಕ್ಕರು. ನಮ್ಮ ಮೆಣಸಿನಕಾಯಿಯ ಮತ್ತು ಹತ್ತಿಯ ಪೇಟೆಯನ್ನು ಬಲ್ಲವರ ನಗೆ ಅದು. ಮೊದಲಿನ ಚಿತ್ರದಲ್ಲಿ ಅಡವಿಗೂ ಸರಕಾರಕ್ಕೂ ನಡುವಣ ತೊಡಕು ಇತ್ತು. ಅಡವಿಗೂ ಸಮುದ್ರಕ್ಕೂ ಇರುವ ನಂಟು ಇರಲಿಲ್ಲ. ಇಲ್ಲಿ ಅದು ತೆರೆಯಿತು. ಟೋಲ್ಕಿನ್ನನು ಹೇಳಿದ ಹೊಸ ನೋಟವೆಂದರೆ ಇದೇ. ಬೆರ್ಮೆಯು ಬಂದರಿನ ವ್ಯವಹಾರವನ್ನು ತನ್ನವರ ಕೈಗೆ ತಂದುಕೊಳ್ಳುವ ಭಾಗವನ್ನು ಇನ್ನೂ ಅರ್ಧ ಗಂಟೆ ಬೆಳೆಸಿ, ಕಡೆಯ ಯುದ್ಧದಿಂದ ಅಷ್ಟನ್ನು ಕಳೆದಿದ್ದರೆ ನಾನು ಈ ಲೇಖನವನ್ನು ಬೇರೆ ಬಗೆಯಿಂದ ಬರೆಯುತ್ತಿದ್ದೆನು. ಶ್ರೀ ಅರವಿಂದ ಕಶ್ಯಪರ ಛಾಯಾಗ್ರಹಣವೂ ಇಲ್ಲಿಯೇ ಹೆಚ್ಚು ಸಾರ್ಥಕವಾಗಿದೆ.

ಅದ್ಭುತರಸಕ್ಕೆ ಸ್ಥಾಯಿಯು ವಿಸ್ಮಯ. ವಿಸ್ಮಯವು ಮರುಕಳಿಸಿದಷ್ಟೂ ಸವೆಯುವ ಭಾವ. ಶೋಕವಾಗಲಿ ರತಿಯಾಗಲಿ ಹಾಗಲ್ಲ. ಮೊದಲಿನ ಚಿತ್ರದಲ್ಲಿ ಆ ದೈವದ ಕೂಗು ವಿರಳವಾಗಿ ಕೇಳುತ್ತಿತ್ತು, ಕೇಳಿದಾಗ ಮೈ ನವಿರೇಳುತ್ತಿತ್ತು. ಎರಡನೆಯದರಲ್ಲಿ ಆವೇಶದ ಮೇಲೆ ಆವೇಶ ಬರುತ್ತದೆ. ದೈವವಾದ ಮೇಲೆ ದೈವ, ಕಡೆಗೆ ದೇವಿಯೂ ಮೈದುಂಬುತ್ತಾಳೆ. ನಟನ ಶ್ರಮವು ದೊಡ್ಡದು. ಮೊದಲಿನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದವರು ಇಲ್ಲಿ ಮೈಯನ್ನು ಇನ್ನೂ ಹೆಚ್ಚಾಗಿ ಸುಟ್ಟುಕೊಂಡಿದ್ದಾರೆ. ಆದರೆ ನಾಲ್ಕನೆಯ ಸಲಕ್ಕೆ ಪ್ರೇಕ್ಷಕನು ವಿಸ್ಮಯಪಡುವುದನ್ನು ಬಿಟ್ಟು ಎಣಿಸತೊಡಗುತ್ತಾನೆ. ಕೆಲವು ಊರುಗಳ ಚಿತ್ರಮಂದಿರಗಳಲ್ಲಿ ಜನರು ದೈವದ ವೇಷವನ್ನೂ ಆವೇಶವನ್ನೂ ಅನುಕರಿಸಲಾರಂಭಿಸಿದಾಗ, ತುಳುನಾಡಿನವರು ನೊಂದರು. ಚಿತ್ರದವರೇ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳಬೇಕಾಯಿತು. ಅನುಕರಿಸಿದವರನ್ನು ಬಯ್ಯುವ ಮೊದಲು ಇದನ್ನು ಯೋಚಿಸಬೇಕು: ಸಾಕ್ಷಿಯಾಗಿ ನಿಂತ ದೈವವನ್ನು ಯಾರೂ ಅಣಕಿಸಲಿಕ್ಕೆ ಹೋಗರು, ಯುದ್ಧವೀರನ ವೇಷವನ್ನು ಹುಡುಗರು ಹಾಕಿಯೇ ಹಾಕುತ್ತಾರೆ.

ಟೀವಿಯಲ್ಲಿ ನೋಡಿದಾಗ ಬೇರೊಂದು ಅನುಭವವಾಯಿತು. ಚಿತ್ರಮಂದಿರದ ಅಬ್ಬರವಿಲ್ಲದ್ದರಿಂದ ಯುದ್ಧವು ಕುಗ್ಗಿತು, ಬಂದರು ಹಿಗ್ಗಿತು. ಮಗಳ ಮಗನು ಬೇಕಾದಲ್ಲಿ ನಿಲ್ಲಿಸಿ, ಅಜ್ಜ, ಇದು ಮೊದಲಿನದರಲ್ಲಿ ಇತ್ತಲ್ಲ, ಆ ಕಲ್ಲು ಇದೇ ಅಲ್ಲವೇ, ಎಂದು ಕೇಳುತ್ತಿದ್ದನು. ಮೊದಲಿನ ಚಿತ್ರದ ಒಂದೊಂದು ವಸ್ತುವಿಗೂ ಇಲ್ಲಿ ಮೂಲವನ್ನು ಹುಡುಕುವುದು ಅವನಿಗೆ ಆಟ. ಆ ಆಟದಲ್ಲಿ ನಾನೂ ಸೇರಿದೆನೆಂದು ಒಪ್ಪಿಕೊಳ್ಳುತ್ತೇನೆ.

ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಶ್ರೀಮತಿಯ ಕಥೆ ಬರುತ್ತದೆ. 941ರಲ್ಲಿ ನಮ್ಮ ಪಂಪನು ಆ ಕಥೆಯನ್ನು ಕನ್ನಡಕ್ಕೆ ತಂದನು. ಹಿಂದಣ ಜನ್ಮದಲ್ಲಿ ತನ್ನ ನಲ್ಲನಾಗಿದ್ದ ಲಲಿತಾಂಗನು ನೆನಪಾಗಿ, ಆ ಪೂರ್ವಕಥೆಯನ್ನು ಅವಳು ಪಟದ ಮೇಲೆ ಬರೆಯುತ್ತಾಳೆ. ಸಖಿಯು ಅದನ್ನು ಜಿನಾಲಯಕ್ಕೆ ಒಯ್ದು, ಬಂದವರಿಗೆಲ್ಲ ಕಾಣುವಂತೆ ಇಡುತ್ತಾಳೆ. ಆದರೆ ಕೆಲವು ಸಂಗತಿಗಳನ್ನು ಶ್ರೀಮತಿಯು ಬೇಕೆಂದೇ ಗೂಢವಾಗಿ ಇಟ್ಟಿದ್ದಾಳೆ. ಕಪಟಿಗಳು ಬಂದು ತಾವೇ ಲಲಿತಾಂಗರೆಂದು ಹೇಳಿ, ಆ ಗೂಢವನ್ನು ಕೇಳಿದಾಗ ತಬ್ಬಿಬ್ಬಾಗುತ್ತಾರೆ. ವಜ್ರಜಂಘನು ಬಂದವನೇ ಪಟದಲ್ಲಿ ಇಲ್ಲದುದನ್ನು ಗುರುತಿಸುತ್ತಾನೆ. ಅಧ್ಯಾಯ 1ರ ಪಟದಲ್ಲಿ ಬರೆಯದೆ ಬಿಟ್ಟ ಸ್ಥಳವನ್ನು ನಾನು ಎರಡು ಸಲವೂ ಹುಡುಕಿದೆನು. ಬಂದರಿನ ಮೆಟ್ಟಿಲ ಮೇಲೆ, ಮೂಟೆಗಳ ನಡುವೆ, ಮೊದಲ ಸಲ ಸಮುದ್ರವನ್ನು ನೋಡುತ್ತ ನಿಂತ ಅಡವಿಯವರ ಮುಖಗಳಲ್ಲಿ ಅದು ಸ್ವಲ್ಪ ಹೊತ್ತು ಇದ್ದಂತೆ ತೋರಿತು.